ಹಂಚಿಕೆಯಲ್ಲಿ ಬಿಟ್ಟುಹೋದ ವಿಧವೆಯರು: ಯೆರೂಸಲೇಮ್ ಸಭೆಯ ಒಂದು ಪ್ರಕರಣ

ಕ್ರೈಸ್ತ ಸಭೆಯ ಚರಿತ್ರೆಯಲ್ಲಿ ದಾಖಲಾಗಿರುವ ಮೊದಲ ಗುಂಪುಜಗಳ ಹುಟ್ಟಿದ್ದು ದಿನದಿನದ ಹಂಚಿಕೆಯಲ್ಲಿ. ಯೆರೂಸಲೇಮಿನ ಶಿಷ್ಯರ ಪೈಕಿ ಗ್ರೀಕ್ ಮಾತಾಡುವ ಯೆಹೂದ್ಯರು, ಇಬ್ರಿಯ ಮಾತಾಡುವವರ ಮೇಲೆ ಗುಣುಗುಟ್ಟತೊಡಗಿದರು. ನಮ್ಮ ಕಡೆಯ ವಿಧವೆಯರನ್ನು ನೀವು ಕಡೆಗಣಿಸುತ್ತಿದ್ದೀರಿ ಎಂಬುದು ಅವರ ದೂರು. ಬೈಬಲಿನ ಹೊಸ ಒಡಂಬಡಿಕೆಯ ಅಪೊಸ್ತಲರ ಕೃತ್ಯಗಳು ಎಂಬ ಪುಸ್ತಕದ 6ನೇ ಅಧ್ಯಾಯದಲ್ಲಿ ಅದನ್ನು ಬರೆದ ಲೂಕನು ದೂರು, ಸಭೆ, ತೀರ್ಮಾನ, ಫಲಿತಾಂಶ ಎಲ್ಲವನ್ನೂ ಏಳೇ ವಚನಗಳಲ್ಲಿ ಮುಗಿಸಿ ಮುಂದೆ ಹೋಗುತ್ತಾನೆ.

ಸಭೆಯಲ್ಲಿ ಮಾಡುವ ಪ್ರಸಂಗಗಳಲ್ಲಿ, ಅಂದರೆ ಉಪದೇಶಗಳಲ್ಲಿ, ಇದನ್ನು ಹೆಚ್ಚಾಗಿ ಆಡಳಿತದ ಪಾಠವಾಗಿ ಹೇಳುವುದುಂಟು: ನಾಯಕರು ಎಲ್ಲವನ್ನೂ ತಲೆಮೇಲೆ ಹೊತ್ತುಕೊಳ್ಳಬಾರದು, ಕೆಲಸ ಹಂಚಿಕೊಡಬೇಕು. ನನ್ನ ಪ್ರಕಾರ ಅದು ಪ್ರಕರಣದ ಅರ್ಧ, ಅದೂ ಸಪ್ಪೆ ಅರ್ಧ. ಉಳಿದರ್ಧದಲ್ಲಿ ನಡೆದದ್ದು ಇದು: ಯಾರು ದೂರು ಕೊಟ್ಟರೋ ಅವರ ಕೈಗೇ ಹಂಚಿಕೆಯ ಜವಾಬ್ದಾರಿ ಹೋಯಿತು. ಆ ಒಂದು ನಡೆಯಿಂದ ಮುಂದಿನ ಇಪ್ಪತ್ತೈದು ವರ್ಷಗಳಲ್ಲಿ ಏನೇನಾಯಿತು ಎಂದು ಹಿಂಬಾಲಿಸಿದರೆ, ಸಭೆಯಲ್ಲಿ ಒಟ್ಟಾಗಿ ಸೇವೆ ಮಾಡುವುದು ಯಾಕೆ ಅಷ್ಟು ಮುಖ್ಯ ಎಂಬುದು ಕಾಣುತ್ತದೆ.

ಹಣ ಎಲ್ಲಿ ಸೇರುತ್ತಿತ್ತು

ಮೊದಲು ಗಾತ್ರ ನೋಡೋಣ. 1ನೇ ಅಧ್ಯಾಯದಲ್ಲಿ ಕೂಡಿದವರು ಸುಮಾರು 120 ಮಂದಿ. ಪಂಚಾಶತ್ತಮ ಹಬ್ಬದ ದಿನ ಸುಮಾರು 3,000 ಮಂದಿ ಸೇರಿಕೊಂಡರು. 4ನೇ ಅಧ್ಯಾಯಕ್ಕೆ ಬರುವಾಗ ಗಂಡಸರ ಲೆಕ್ಕವೇ 5,000. ಅಷ್ಟು ಜನರ ನಡುವೆ ಕೊರತೆ ಬಿದ್ದವರಿಗೆ ಉಣಿಸುವ, ಕೊಡುವ ಕೆಲಸ ದಿನವೂ ನಡೆಯಬೇಕು. ಹೊಲ ಮನೆ ಇದ್ದವರು ಅವುಗಳನ್ನು ಮಾರಿ ಹಣ ತಂದರು. ಆ ಹಣ ಎಲ್ಲಿಗೆ ಬರುತ್ತಿತ್ತು ಎಂಬುದನ್ನು ಲೂಕನು ಮೂರು ಸಲ ಒಂದೇ ರೀತಿಯಲ್ಲಿ ಹೇಳುತ್ತಾನೆ: ಅಪೊಸ್ತಲರ, ಅಂದರೆ ಸಭೆಯನ್ನು ನಡೆಸುತ್ತಿದ್ದ ಯೇಸುವಿನ ಹನ್ನೆರಡು ಮುಖ್ಯ ಶಿಷ್ಯರ, ಪಾದಗಳ ಬಳಿಗೆ. ಮಾರಿದವರೆಲ್ಲ ಹಾಗೆ ಮಾಡಿದರು, ಬಾರ್ನಬನು ಹಾಗೆ ಮಾಡಿದನು, ಅನನೀಯನು ಸ್ವಲ್ಪ ಬಚ್ಚಿಟ್ಟು ಉಳಿದದ್ದನ್ನು ತಂದು ಅಲ್ಲೇ ಇಟ್ಟನು. ಅಂದರೆ ಹಣ ಬರುವುದು ಒಂದೇ ಕಡೆಗೆ, ಹೋಗುವುದೂ ಅಲ್ಲಿಂದಲೇ. ಆ ಕಡೆ ಕೂತಿದ್ದವರು ಹನ್ನೆರಡು ಮಂದಿ, ಬಹುಮಟ್ಟಿಗೆ ಗಲಿಲಾಯದವರು, ಅರಾಮಿಕ್ ಆಡುವವರು, ಅಂದರೆ ದೂರಿನಲ್ಲಿ ಇಬ್ರಿಯರೆನಿಸಿಕೊಂಡವರ ಕಡೆಯವರು.

ಬಾರ್ನಬನ ವಿಷಯದಲ್ಲಿ ಒಂದು ಕಡೆ ನಿಲ್ಲಬೇಕು. ಅವನು ಲೇವಿ ಕುಲದವನು, ಹುಟ್ಟಿದ್ದು ಕುಪ್ರ (ಸೈಪ್ರಸ್) ದ್ವೀಪದಲ್ಲಿ. ಹೊರನಾಡಿನ ಯೆಹೂದ್ಯನೊಬ್ಬನು ಹೊಲ ಮಾರಿ ತಂದ ಹಣ ಆ ನಿಧಿಯಲ್ಲಿದೆ. ಅದೇ ನಿಧಿಯಿಂದ ನಡೆಯುವ ಹಂಚಿಕೆಯಲ್ಲಿ ಹೊರನಾಡಿನಿಂದ ಬಂದ ವಿಧವೆಯರು ಬಿಟ್ಟುಹೋಗುತ್ತಿದ್ದಾರೆ. ಕೊಡುವಾಗ ಇಲ್ಲದ ಗೆರೆ ಪಡೆಯುವಾಗ ಮೂಡಿದೆ. ಕಾಣಿಕೆ ಹಾಕುವವರ ಪಟ್ಟಿ ನೋಡಿ ನಮ್ಮ ಸಭೆಯಲ್ಲಿ ಭೇದವಿಲ್ಲ ಎಂದು ಸಮಾಧಾನಪಡುವವರು ಇದನ್ನು ಗಮನಿಸುವುದು ಒಳ್ಳೆಯದು.

ಈ ಹೆಂಗಸರು ಯಾರು? ರೋಮ್ ಸಾಮ್ರಾಜ್ಯದ ಊರೂರುಗಳಲ್ಲಿ ನೆಲೆಸಿದ್ದ ಯೆಹೂದ್ಯರಲ್ಲಿ ಕೆಲವರು ವಯಸ್ಸಾದ ಮೇಲೆ ಯೆರೂಸಲೇಮಿಗೆ ಮರಳುತ್ತಿದ್ದರು. ಅಲ್ಲೇ ಸತ್ತು ಅಲ್ಲೇ ಹೂಳಿಸಿಕೊಳ್ಳುವ ಆಸೆ. ಗಂಡ ಮೊದಲು ತೀರಿಕೊಂಡರೆ ಹೆಂಡತಿ ಒಂಟಿ. ಮಕ್ಕಳು, ಅಣ್ಣತಮ್ಮಂದಿರು ಸಮುದ್ರದಾಚೆ. ವಿದ್ವಾಂಸರು ಸಾಮಾನ್ಯವಾಗಿ ಕೊಡುವ ವಿವರಣೆ ಇದು. ಗ್ರೀಕ್ ಆಡುವ ಯೆಹೂದ್ಯರು ಊರಲ್ಲಿ ಗಟ್ಟಿಯಾಗಿ ನೆಲೆಸಿದ್ದರು ಎಂಬುದಕ್ಕಂತೂ ಕಲ್ಲಿನ ಸಾಕ್ಷಿಯೇ ಇದೆ. 1913ರ ಉತ್ಖನನದಲ್ಲಿ ಸಿಕ್ಕ ಥಿಯೊಡೋಟಸ್ ಶಾಸನ ಗ್ರೀಕಿನಲ್ಲಿದೆ. ಯಾಜಕನೂ ಸಭಾಮಂದಿರದ ಅಧ್ಯಕ್ಷನೂ ಆಗಿದ್ದ ಥಿಯೊಡೋಟಸ್, ಧರ್ಮಶಾಸ್ತ್ರ ಓದುವುದಕ್ಕಾಗಿ ಸಭಾಮಂದಿರವನ್ನೂ ಹೊರಗಿನಿಂದ ಬಂದ ಅಗತ್ಯವುಳ್ಳವರಿಗಾಗಿ ತಂಗುವ ಕೋಣೆಗಳನ್ನೂ ನೀರಿನ ವ್ಯವಸ್ಥೆಯನ್ನೂ ಕಟ್ಟಿಸಿದನೆಂದು ಅದು ಹೇಳುತ್ತದೆ. ಹೊರಗಿನಿಂದ ಬಂದವರು ಅಲ್ಲಿ ಎಷ್ಟು ಸಾಮಾನ್ಯರಾಗಿದ್ದರು, ಅವರ ಕೊರತೆ ಎಷ್ಟು ಪರಿಚಿತವಾಗಿತ್ತು ಎಂಬುದು ಆ ಕೆಲವೇ ಸಾಲುಗಳಲ್ಲಿ ತಿಳಿಯುತ್ತದೆ.

ವಿಧವೆಯನ್ನು ಮರೆಯುವುದು ಯೆಹೂದ್ಯ ಮನಸ್ಸಿಗೆ ಸಣ್ಣ ತಪ್ಪೇನಲ್ಲ. ಹೊಲದಲ್ಲಿ ಮರೆತ ಸಿವುಡನ್ನು ಪರದೇಶಿ, ತಬ್ಬಲಿ, ವಿಧವೆಯರಿಗೆ ಬಿಡಬೇಕೆಂದು ಧರ್ಮೋಪದೇಶಕಾಂಡ ಹೇಳುತ್ತದೆ. ಯೆಹೂದ್ಯ ಸಮುದಾಯಗಳಲ್ಲಿ ಬಡವರಿಗಾಗಿ ದಿನದ ಆಹಾರದ ಏರ್ಪಾಡೂ ವಾರದ ಹಣದ ಪೆಟ್ಟಿಗೆಯೂ ಬೇರೆ ಬೇರೆಯಾಗಿ ಬೆಳೆದವು. ಕ್ರಿ.ಶ. 200ರ ಸುಮಾರಿಗೆ ಸಂಕಲನವಾದ ಯೆಹೂದ್ಯ ನಿಯಮಗಳ ಸಂಗ್ರಹವಾದ ಮಿಷ್ನಾದಲ್ಲಿ ಈ ಪೆಟ್ಟಿಗೆಗೆ ಒಂದು ಕಟ್ಟುನಿಟ್ಟಿನ ನಿಯಮವಿದೆ: ಎತ್ತುವವರು ಇಬ್ಬರು, ಹಂಚುವವರು ಮೂವರು. ಹಣ ಮುಟ್ಟುವ ಕೈ ಒಂಟಿಯಾಗಿರಬಾರದು. ಯಾರಿಗೆಷ್ಟು ಎಂದು ನಿರ್ಧರಿಸುವುದಕ್ಕೆ ಇನ್ನೂ ಒಬ್ಬರು ಹೆಚ್ಚು ಬೇಕು.

ಬೇಕೆಂದೇ ಬಿಟ್ಟರೇ? ಲೂಕನ ಬರಹದಲ್ಲಿ ಅಂಥ ಆರೋಪವಿಲ್ಲ. ನನಗನ್ನಿಸುವುದು, ಇಲ್ಲಿ ಕೆಟ್ಟ ಮನಸ್ಸಿಗಿಂತ ಪರಿಚಯದ ಕೊರತೆ ದೊಡ್ಡದು. ಹಂಚುವವನಿಗೆ ತನ್ನ ಬೀದಿಯ ಮುದುಕಿಯ ಹೆಸರು ಗೊತ್ತು, ಅವಳ ಕಾಯಿಲೆ ಗೊತ್ತು, ಇವತ್ತು ಬಂದಿಲ್ಲ ಎಂಬುದು ತಟ್ಟನೆ ಹೊಳೆಯುತ್ತದೆ. ಬೇರೆ ಭಾಷೆಯವಳು ಬೇರೆ ಕಡೆ ಕೂಡಿಬರುತ್ತಾಳೆ, ಕೇಳಲು ಸಂಕೋಚಪಡುತ್ತಾಳೆ. ಬರದಿದ್ದರೂ ಯಾರಿಗೂ ಗೊತ್ತಾಗುವುದಿಲ್ಲ. ದ್ವೇಷವಿಲ್ಲದ ಸಭೆಯಲ್ಲೂ ಇಷ್ಟು ಸಾಕು, ಒಬ್ಬಳು ಹಸಿದಿರಲು.

ತೀರ್ಮಾನ

ಹನ್ನೆರಡು ಮಂದಿ ಶಿಷ್ಯರ ಸಮೂಹವನ್ನೆಲ್ಲ ಕರೆಯುತ್ತಾರೆ. ಇಲ್ಲಿ ಗಮನಿಸಬೇಕಾದದ್ದು, ದೂರು ನಿಜವೇ ಸುಳ್ಳೇ ಎಂಬ ವಿಚಾರಣೆಯೇ ಇಲ್ಲ. ಹಂಚುತ್ತಿದ್ದವರ ಪರ ವಕಾಲತ್ತಿಲ್ಲ. ಗುಣುಗುಟ್ಟಿದವರಿಗೆ ಗದರಿಕೆಯೂ ಇಲ್ಲ; ಅರಣ್ಯದಲ್ಲಿ ಊಟಕ್ಕಾಗಿ ಗುಣುಗುಟ್ಟಿದ ಇಸ್ರಾಯೇಲ್ಯರ ಕಥೆಯನ್ನು ಬಾಯಿಪಾಠವಾಗಿ ಬಲ್ಲವರಿಗೆ ಗದರುವುದು ಸುಲಭವಾಗಿತ್ತು. ಅವರು ನೇರ ಪರಿಹಾರಕ್ಕೆ ಬರುತ್ತಾರೆ: ಒಳ್ಳೆಯ ಹೆಸರುಳ್ಳ, ಪವಿತ್ರಾತ್ಮಭರಿತರೂ ಜ್ಞಾನಿಗಳೂ ಆದ ಏಳು ಮಂದಿಯನ್ನು ನಿಮ್ಮಲ್ಲಿಂದ ನೀವೇ ಆರಿಸಿ, ಅವರನ್ನು ಈ ಕೆಲಸಕ್ಕೆ ನೇಮಿಸುತ್ತೇವೆ; ನಾವು ಪ್ರಾರ್ಥನೆಯಲ್ಲೂ ವಾಕ್ಯೋಪದೇಶದಲ್ಲೂ ನಿರತರಾಗಿರುತ್ತೇವೆ.

ಸಮೂಹ ಆರಿಸಿದ ಹೆಸರುಗಳು: ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರುಗಳು. ಆ ಕಾಲದಲ್ಲಿ ಅರಾಮಿಕ್ ಆಡುವ ಯೆಹೂದ್ಯರಿಗೂ ಗ್ರೀಕ್ ಹೆಸರಿರುತ್ತಿತ್ತು ನಿಜ. ಹನ್ನೆರಡು ಮಂದಿಯಲ್ಲೇ ಅಂದ್ರೆಯ, ಫಿಲಿಪ್ಪ ಇದ್ದಾರೆ. ಆದರೆ ಏಳಕ್ಕೆ ಏಳೂ ಹಾಗಿರುವುದನ್ನು ಕಾಕತಾಳೀಯ ಎನ್ನಲಾಗದು. ಕೊನೆಯ ನಿಕೊಲಾಯನಂತೂ ಹುಟ್ಟಿನಿಂದ ಯೆಹೂದ್ಯನೇ ಅಲ್ಲ, ಅಂತಿಯೋಕ್ಯದವನು, ಯೆಹೂದ್ಯ ಮತಕ್ಕೆ ಸೇರಿಕೊಂಡವನು.

ಬೇರೆ ದಾರಿಗಳು ಇದ್ದವು. ಆ ಕಡೆಗೆ ಮೂರು, ಈ ಕಡೆಗೆ ನಾಲ್ಕು ಎಂದು ಹಂಚಿ ಸಮತೋಲನ ತೋರಿಸಬಹುದಿತ್ತು. ಗ್ರೀಕ್ ಆಡುವವರಿಗೆ ಅವರದೇ ಪೆಟ್ಟಿಗೆ ಮಾಡಿಕೊಡಬಹುದಿತ್ತು. ಒಂದು ತಲೆಮಾರಿನಲ್ಲಿ ಎರಡು ಸಭೆಗಳಾಗುತ್ತಿದ್ದವು. ಇನ್ನು ಮುಂದೆ ಹೀಗಾಗದಂತೆ ನೋಡಿಕೊಳ್ಳುತ್ತೇವೆ ಎಂದು ಹೇಳಿ ಹಳೆಯ ವ್ಯವಸ್ಥೆಯನ್ನೇ ಉಳಿಸಬಹುದಿತ್ತು. ಸಂಸ್ಥೆಗಳು ಸಾಮಾನ್ಯವಾಗಿ ಮಾಡುವುದು ಇದನ್ನೇ. ಅವರು ಮಾಡಿದ್ದು ಮಾತ್ರ ಬಹುಸಂಖ್ಯಾತರ ಕಣ್ಣಿಗೆ ಅಪಾಯಕಾರಿಯಾಗಿ ಕಾಣುವಂಥದ್ದು: ಹೆಸರುಗಳ ಪ್ರಕಾರ ನೋಡಿದರೆ, ಇಬ್ರಿಯ ವಿಧವೆಯರೂ ಇನ್ನು ತಮ್ಮ ಪಾಲಿಗೆ ಕೈಚಾಚಬೇಕಾದದ್ದು ಗ್ರೀಕ್ ಕಡೆಯವರ ಮುಂದೆ. ಅಪೊಸ್ತಲರು ಆ ಏಳು ಮಂದಿಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಮುಂದಿನ ವಚನದಲ್ಲೇ ಶಿಷ್ಯರ ಸಂಖ್ಯೆ ಬೆಳೆಯಿತು, ಯಾಜಕರಲ್ಲೂ ಬಹು ಜನರು ನಂಬಿದರು ಎಂದು ಬರುತ್ತದೆ.

ಒಂದು ತಪ್ಪು ಓದು, ಒಂದು ನಿಜವಾದ ಕೊರತೆ

"ದೇವರ ವಾಕ್ಯವನ್ನು ಬಿಟ್ಟು ಊಟ ಬಡಿಸುವುದು ನಮಗೆ ತಕ್ಕದ್ದಲ್ಲ" ಎಂಬ ಅರ್ಥದ ಮಾತನ್ನು ಹನ್ನೆರಡು ಮಂದಿ ಆಡಿದ್ದಾರೆ. ಅದನ್ನು ಹಿಡಿದುಕೊಂಡು ಉಪದೇಶ ಮೇಲಿನ ಕೆಲಸ, ಬಡಿಸುವುದು ಕೆಳಗಿನದು ಎಂದು ಮೆಟ್ಟಿಲು ಕಟ್ಟುವವರಿದ್ದಾರೆ. ಅದು ನಿಲ್ಲುವುದಿಲ್ಲ. ಕೆಳಗಿನ ಕೆಲಸಕ್ಕೆ ಆತ್ಮಭರಿತರು, ಜ್ಞಾನಿಗಳು ಬೇಕೆಂದು ಯಾರೂ ಷರತ್ತು ಹಾಕುವುದಿಲ್ಲ. ಇದೇ ಲೂಕನ ಸುವಾರ್ತೆಯ 22ನೇ ಅಧ್ಯಾಯದಲ್ಲಿ, ಕೊನೆಯ ಊಟದ ಹೊತ್ತಿಗೆ ಯಾರು ದೊಡ್ಡವರೆಂದು ಶಿಷ್ಯರು ಜಗಳವಾಡಿದಾಗ, ನಾನು ನಿಮ್ಮ ನಡುವೆ ಸೇವೆ ಮಾಡುವವನಾಗಿದ್ದೇನೆ ಎಂದು ಯೇಸು ಹೇಳುತ್ತಾನೆ. ಆ ಮಾತು ಕೇಳಿಸಿಕೊಂಡವರೇ ಈಗ ಹಂಚಿಕೆ ಬಿಟ್ಟುಕೊಡುತ್ತಿರುವುದು. ಅವರು ಬಿಟ್ಟುಕೊಟ್ಟದ್ದು ಕೆಲಸದ ಜೊತೆ ಅಧಿಕಾರವನ್ನೂ. ಹಣದ ಮೇಲಿನ ಹಿಡಿತ ಬಿಡುವುದು ಎಷ್ಟು ಕಷ್ಟ ಎಂಬುದು ಯಾವುದೇ ಸಭೆಯ ಹಿರಿಯರ ಸಮಿತಿಯಲ್ಲಿ ಒಂದು ವರ್ಷ ಕೂತವರಿಗೆ ಗೊತ್ತು.

ಕೊರತೆ ಬೇರೆ ಕಡೆ ಇದೆ. ಈ ಏಳು ವಚನಗಳಲ್ಲಿ ವಿಧವೆಯರು ಒಂದು ಮಾತೂ ಆಡುವುದಿಲ್ಲ. ಅವರ ಪರವಾಗಿ ಗಂಡಸರು ದೂರು ಕೊಟ್ಟರು, ಗಂಡಸರು ಸಭೆ ಕರೆದರು, ಗಂಡಸರೇ ಆಯ್ಕೆಯಾದರು. ವಿಧವೆಯರು ಪಡೆಯುವವರಾಗಿಯೇ ಉಳಿದರು. ಇದನ್ನು ಯೊಪ್ಪ ಎಂಬ ಊರಿನ ಘಟನೆಯ ಪಕ್ಕದಲ್ಲಿಟ್ಟು ನೋಡಬೇಕು. 9ನೇ ಅಧ್ಯಾಯದಲ್ಲಿ ತಬಿಥಾ ಎಂಬಾಕೆ ಸಾಯುತ್ತಾಳೆ. ಪೇತ್ರನು ಬಂದು ಮೇಲಂತಸ್ತಿನ ಕೋಣೆಗೆ ಕಾಲಿಟ್ಟಾಗ ವಿಧವೆಯರೆಲ್ಲ ಅಳುತ್ತಾ ಅವನ ಸುತ್ತ ನಿಂತು, ಅವಳು ತಮ್ಮೊಡನೆ ಇದ್ದಾಗ ಮಾಡಿಕೊಟ್ಟ ಅಂಗಿಗಳನ್ನೂ ಉಡುಪುಗಳನ್ನೂ ಒಂದೊಂದಾಗಿ ತೋರಿಸುತ್ತಾರೆ. ಅವಳ ಬಗ್ಗೆ ಅವರಿಗೆ ಬೇರೆ ಸಾಕ್ಷಿ ಬೇಕಿಲ್ಲ, ಹೊಲಿಗೆಯೇ ಸಾಕ್ಷಿ. "ತಮ್ಮೊಡನೆ ಇದ್ದಾಗ" ಎಂಬುದು ಮುಖ್ಯ. ಯೆರೂಸಲೇಮಿನ ಹಂಚಿಕೆ ಪಟ್ಟಿಯಲ್ಲಿ ಇಲ್ಲದ್ದು ಅದೇ. ಮುಂದೆ ತಿಮೊಥೆಯನಿಗೆ ಬರೆದ ಮೊದಲ ಪತ್ರದಲ್ಲಿ ವಿಧವೆಯರ ಪಟ್ಟಿ ಬರುತ್ತದೆ: ವಯಸ್ಸು 60 ದಾಟಿರಬೇಕು, ಅತಿಥಿಸತ್ಕಾರ ಮಾಡಿರಬೇಕು, ಕಷ್ಟದಲ್ಲಿದ್ದವರಿಗೆ ನೆರವಾಗಿರಬೇಕು. ಅಷ್ಟರಲ್ಲಿ ವಿಧವೆ ಬರೀ ಪಡೆಯುವವಳಲ್ಲ, ಸಭೆಯಲ್ಲಿ ಸೇವೆಯ ದಾಖಲೆಯುಳ್ಳವಳು. ಈ ಬದಲಾವಣೆ ಏಳು ಮಂದಿಯ ಆಯ್ಕೆಯಷ್ಟೇ ದೊಡ್ಡದು ಎಂದು ನನ್ನ ಅಭಿಪ್ರಾಯ. ಆದರೆ ಇದರ ಮೇಲೆ ಪ್ರಸಂಗ ಕೇಳಿದ ನೆನಪು ನನಗಿಲ್ಲ.

ಇಂದಿನ ಸಭೆಯೊಂದು ಈ ಪ್ರಕರಣವನ್ನು ತನ್ನ ಮೇಲೆ ಇಟ್ಟು ನೋಡಬೇಕೆಂದರೆ, ಎಷ್ಟು ಜನರಿಗೆ ಸಹಾಯ ಮಾಡಿದೆವು ಎಂಬ ವಾರ್ಷಿಕ ವರದಿಯಿಂದ ಶುರುಮಾಡಿ ಪ್ರಯೋಜನವಿಲ್ಲ. ಕುರ್ಚಿ ಜೋಡಿಸುವವರು, ರೋಗಿಗಳ ಮನೆಗೆ ಹೋಗುವವರು, ಕಾಣಿಕೆ ಎಣಿಸುವವರು, ಯಾರ ಮನೆಗೆ ಯಾವಾಗ ಹೋಗಬೇಕೆಂದು ಪಟ್ಟಿ ಬರೆಯುವವರು, ಇವರ ಹೆಸರುಗಳನ್ನು ಒಂದು ಕಡೆ ಬರೆದು, ಸಹಾಯ ಪಡೆಯುವವರ ಹೆಸರುಗಳನ್ನು ಇನ್ನೊಂದು ಕಡೆ ಬರೆದರೆ ಸಾಕು. ಎರಡೂ ಪಟ್ಟಿಗಳಲ್ಲಿ ಒಂದೇ ಒಂದು ಹೆಸರೂ ಸಮಾನವಾಗಿ ಇಲ್ಲದಿದ್ದರೆ ಅಲ್ಲಿ ದಾನವಿದೆ, ಅನ್ಯೋನ್ಯತೆ ಇನ್ನೂ ಬಂದಿಲ್ಲ. ಬಡಿಸುವವರ ಪಟ್ಟಿಯಲ್ಲಿ ಹೊಸಬರು, ಬೇರೆ ಮಾತಿನವರು, ಒಂಟಿಯಾಗಿ ಬಂದು ಹಿಂದಿನ ಸಾಲಿನಲ್ಲಿ ಕೂತು ಆರಾಧನೆ ಮುಗಿದ ಕೂಡಲೇ ಹೋಗಿಬಿಡುವವರು ಇದ್ದಾರೆಯೇ ಎಂಬುದು ಎರಡನೇ ಪ್ರಶ್ನೆ. ಹೊಸಬರನ್ನು ಸ್ವಾಗತಿಸುವುದರಲ್ಲಿ ಎಲ್ಲ ಸಭೆಗಳೂ ಮುಂದು. ಅವರ ಕೈಗೆ ಬೀಗದ ಕೈ ಕೊಡುವ ಹೊತ್ತಿಗೆ ಎಷ್ಟು ವರ್ಷವಾಗಿರುತ್ತದೆ ಎಂದು ಕೇಳಿದರೆ ಮುಜುಗರವಾಗುತ್ತದೆ.

ಏಳು ಮಂದಿ ಎಲ್ಲಿಗೆ ಹೋದರು

ಸ್ತೆಫನನು ಬಡಿಸುವ ಕೆಲಸದಲ್ಲೇ ಉಳಿಯಲಿಲ್ಲ. ಕುರೇನೆ, ಅಲೆಕ್ಸಾಂದ್ರಿಯ, ಕಿಲಿಕ್ಯ, ಆಸ್ಯ ಸೀಮೆಗಳ ಯೆಹೂದ್ಯರೊಡನೆ, ಅಂದರೆ ತನ್ನಂತೆಯೇ ಹೊರನಾಡಿನ ಹಿನ್ನೆಲೆಯವರೊಡನೆ, ವಾದಕ್ಕಿಳಿದ. ಕೊನೆಗೆ ಕಲ್ಲೇಟಿಗೆ ಬಲಿಯಾದ. ಕಲ್ಲೆಸೆದವರ ಬಟ್ಟೆ ಕಾಯುತ್ತಾ ನಿಂತಿದ್ದವನು ಸೌಲನೆಂಬ ಯುವಕ. ಆಮೇಲೆ ಎದ್ದ ಹಿಂಸೆಯಲ್ಲಿ ಅಪೊಸ್ತಲರ ಹೊರತು ಉಳಿದವರೆಲ್ಲ ಚದರಿಹೋದರು. ಫಿಲಿಪ್ಪನು ಸಮಾರ್ಯಕ್ಕೆ ಹೋದ. ಅಲ್ಲಿಂದ ಗಾಜಾ ದಾರಿಯಲ್ಲಿ ಐಥಿಯೋಪ್ಯದ ರಾಣಿಯ ಖಜಾನೆ ನೋಡಿಕೊಳ್ಳುವ ಅಧಿಕಾರಿಗೆ ದೀಕ್ಷಾಸ್ನಾನ ಮಾಡಿಸಿದ. (ಬಡವರ ಹಣ ನೋಡಿಕೊಂಡವನಿಗೆ ರಾಣಿಯ ಹಣ ನೋಡಿಕೊಳ್ಳುವವನು ಸಿಕ್ಕಿದ್ದು ಲೂಕನಿಗೆ ತಮಾಷೆ ಅನ್ನಿಸಿರಬಹುದು.)

ಚದರಿದವರಲ್ಲಿ ಕುಪ್ರ, ಕುರೇನೆಗಳ ಕೆಲವರು ಅಂತಿಯೋಕ್ಯಕ್ಕೆ ಬಂದು ಗ್ರೀಕರಿಗೂ ಸುವಾರ್ತೆ ಹೇಳಿದರು. ಅದು ನಿಕೊಲಾಯನ ಊರು, ರೋಮ್ ಮತ್ತು ಅಲೆಕ್ಸಾಂದ್ರಿಯದ ನಂತರ ಸಾಮ್ರಾಜ್ಯದ ದೊಡ್ಡ ನಗರ. ಯೆರೂಸಲೇಮ್ ಸಭೆ ಪರಿಶೀಲನೆಗೆ ಬಾರ್ನಬನನ್ನು ಕಳಿಸಿತು. ಹೊಲ ಮಾರಿದ ಅದೇ ಬಾರ್ನಬ. ಶಿಷ್ಯರಿಗೆ ಕ್ರೈಸ್ತರೆಂಬ ಹೆಸರು ಮೊದಲು ಬಿದ್ದದ್ದು ಅಲ್ಲೇ.

ಕ್ಲೌದ್ಯ ಚಕ್ರವರ್ತಿಯ ಕಾಲದಲ್ಲಿ, ಕ್ರಿ.ಶ. 46-48ರ ಸುಮಾರಿಗೆ, ಯೂದಾಯದಲ್ಲಿ ಬರ ಬಿತ್ತು. ಅಡಿಯಾಬೆನೆ ಎಂಬ ರಾಜ್ಯದ ರಾಣಿ ಹೆಲೆನಾ ಅಲೆಕ್ಸಾಂದ್ರಿಯದಿಂದ ಧಾನ್ಯವನ್ನೂ ಕುಪ್ರದಿಂದ ಅಂಜೂರವನ್ನೂ ತರಿಸಿ ಯೆರೂಸಲೇಮಿನವರಿಗೆ ಹಂಚಿದಳೆಂದು ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಬರದ ಮುನ್ಸೂಚನೆ ಕೇಳಿದ ಅಂತಿಯೋಕ್ಯದ ಶಿಷ್ಯರು ತಮ್ಮ ತಮ್ಮ ಶಕ್ತಿಗೆ ತಕ್ಕಂತೆ ಹಣ ಕೂಡಿಸಿ ಯೂದಾಯದ ಸಹೋದರರಿಗೆ ಕಳಿಸಿದರು. ಒಯ್ದವರು ಬಾರ್ನಬ ಮತ್ತು ಸೌಲ. ಯಾರ ಕಡೆಯ ವಿಧವೆಯರು ಯೆರೂಸಲೇಮಿನ ಹಂಚಿಕೆಯಲ್ಲಿ ಬಿಟ್ಟುಹೋಗಿದ್ದರೋ, ಅವರ ಕಡೆಯವರು ಕಟ್ಟಿದ ಸಭೆಯ ಹಣ ಈಗ ಯೆರೂಸಲೇಮಿನ ಹಸಿವಿಗೆ ಬಂತು. ಅದು ತಲುಪಿದ್ದು ಅಪೊಸ್ತಲರ ಪಾದಗಳ ಬಳಿಗಲ್ಲ, ಸಭೆಯ ಹಿರಿಯರ ಕೈಗೆ.

ಮುಂದೆ ಪೌಲನಾದ ಸೌಲನು ಸುಮಾರು 57ರಲ್ಲಿ ಇನ್ನೂ ದೊಡ್ಡ ಕಾಣಿಕೆಯೊಂದನ್ನು ಮಕೆದೋನ್ಯ, ಅಖಾಯ ಸೀಮೆಗಳ ಸಭೆಗಳಿಂದ ಕೂಡಿಸಿ ಯೆರೂಸಲೇಮಿನ ಬಡವರಿಗೆ ಒಯ್ದ. ಹಣದ ವಿಷಯದಲ್ಲಿ ಯಾರೂ ಬೆರಳು ತೋರಬಾರದೆಂದು ಸಭೆಗಳೇ ಆರಿಸಿದವರನ್ನು ಜೊತೆಗಿಟ್ಟುಕೊಳ್ಳುವ ಬಗ್ಗೆ ಕೊರಿಂಥದವರಿಗೆ ಬರೆದಿದ್ದಾನೆ. ಆ ಪ್ರಯಾಣದಲ್ಲಿ ಅವನ ಜೊತೆಗಿದ್ದವರ ಹೆಸರುಗಳನ್ನು ಲೂಕನು 20ನೇ ಅಧ್ಯಾಯದಲ್ಲಿ ಪಟ್ಟಿ ಮಾಡುತ್ತಾನೆ. ಎಣಿಸಿದರೆ ಏಳು. ಯೆರೂಸಲೇಮ್ ತಲುಪುವ ಮೊದಲು ಕೈಸರೈಯದಲ್ಲಿ ಅವರು ಇಳಿದುಕೊಂಡ ಮನೆ ಫಿಲಿಪ್ಪನದು. ಲೂಕನು ಅವನನ್ನು ಆ ಏಳು ಮಂದಿಯಲ್ಲಿ ಒಬ್ಬನೆಂದೇ ಗುರುತಿಸುತ್ತಾನೆ. ಸ್ತೆಫನನ ಕೊಲೆಗೆ ಸಮ್ಮತಿಸಿದವನು ಸ್ತೆಫನನ ಜೊತೆಗಾರನ ಮನೆಯಲ್ಲಿ ಅತಿಥಿ, ಬಡವರ ಹಣದೊಡನೆ. ಆ ಮನೆಯಲ್ಲಿ ಪ್ರವಾದಿಸುವ ನಾಲ್ಕು ಹೆಣ್ಣುಮಕ್ಕಳಿದ್ದರು ಎಂದೂ ಬರೆದಿದ್ದಾನೆ.

ಉಳಿದದ್ದು ಸಂಖ್ಯೆ

ಮುಂದಿನ ಶತಮಾನಗಳಲ್ಲಿ ಹಂಚಿಕೆ ನಿಲ್ಲಲಿಲ್ಲ, ಬೆಳೆಯಿತು. 2ನೇ ಶತಮಾನದ ನಡುವಿನಲ್ಲಿ ರೋಮಿನಲ್ಲಿ ಬರೆದ ಕ್ರೈಸ್ತ ಲೇಖಕ ಜಸ್ಟಿನ್, ಭಾನುವಾರದ ಕಾಣಿಕೆ ತಬ್ಬಲಿಗಳಿಗೆ, ವಿಧವೆಯರಿಗೆ, ರೋಗಿಗಳಿಗೆ, ಸೆರೆಯಲ್ಲಿರುವವರಿಗೆ, ಊರಿಗೆ ಬಂದ ಪರದೇಶಿಗಳಿಗೆ ಹೋಗುತ್ತಿತ್ತು ಎನ್ನುತ್ತಾನೆ; ಆರಾಧನೆಗೆ ಬರಲಾಗದವರಿಗೆ ಪ್ರಭುಭೋಜನದ ಪಾಲನ್ನು ಸಭಾಸೇವಕರು (ಡೀಕನ್‌ಗಳು) ಮನೆಗೇ ಒಯ್ಯುತ್ತಿದ್ದರು. 251ರ ಸುಮಾರಿಗೆ ರೋಮಿನ ಬಿಷಪ್ ಕೊರ್ನೇಲಿಯಸ್ ಬರೆದ ಪತ್ರದಲ್ಲಿ ಅಂಕಿಗಳೇ ಇವೆ: 46 ಯಾಜಕರು, 7 ಸಭಾಸೇವಕರು, 7 ಉಪಸೇವಕರು, ಇನ್ನೂ ಹಲವರು, ಸಭೆ ನೋಡಿಕೊಳ್ಳುತ್ತಿದ್ದ ವಿಧವೆಯರೂ ಕಷ್ಟದಲ್ಲಿದ್ದವರೂ 1,500ಕ್ಕಿಂತ ಹೆಚ್ಚು. ಯಾಜಕರು 46 ಆದರೂ ಸಭಾಸೇವಕರು ಏಳೇ.

4ನೇ ಶತಮಾನದ ಆರಂಭದ ನಿಯೋಕೈಸರೈಯದ ಬಿಷಪರ ಸಮ್ಮೇಳನ ಇದನ್ನು ನಿಯಮವನ್ನಾಗಿಯೇ ಮಾಡಿತು: ನಗರ ಎಷ್ಟೇ ದೊಡ್ಡದಿರಲಿ, ಸಭಾಸೇವಕರು ಏಳೇ ಇರಬೇಕು, ಅಪೊಸ್ತಲರ ಕೃತ್ಯಗಳನ್ನು ನೋಡಿಕೊಳ್ಳಿ. ಅಂತಿಯೋಕ್ಯದಲ್ಲೇ ಹುಟ್ಟಿ ಬೆಳೆದು ಕಾನ್‌ಸ್ಟಾಂಟಿನೋಪಲ್‌ನ ಬಿಷಪ್ ಆದ ಯೋಹಾನ ಕ್ರಿಸೊಸ್ತೊಮ್ 400ರ ಸುಮಾರಿಗೆ ಪ್ರಸಂಗ ಮಾಡುವಾಗ ಇದನ್ನು ಒಪ್ಪಲಿಲ್ಲ. ಆ ಏಳು ಮಂದಿ ಆರಾಧನೆಯಲ್ಲಿ ನಿಲ್ಲುವ ಸಭಾಸೇವಕರಲ್ಲ, ಆಗಿನ ಅಗತ್ಯಕ್ಕಾಗಿ ನೇಮಕವಾದವರು ಎಂಬುದು ಅವನ ವಾದ. 692ರ ಟ್ರುಲ್ಲೊ ಸಮ್ಮೇಳನ ಅವನ ಮಾತನ್ನೇ ಉದ್ಧರಿಸಿ ಏಳರ ಕಟ್ಟು ಬಿಡಿಸಿತು. ಎಷ್ಟು ಜನ ಇರಬೇಕು, ಅವರ ಪದವಿ ಯಾವುದು ಎಂಬುದರ ಮೇಲೆ ಹೀಗೆ ಮುನ್ನೂರೈವತ್ತಕ್ಕೂ ಹೆಚ್ಚು ವರ್ಷಗಳ ಅಂತರದಲ್ಲಿ ಎರಡು ತೀರ್ಪುಗಳು ಬಂದವು. ಆ ಏಳು ಮಂದಿ ಯಾರ ಕಡೆಯಿಂದ ಬಂದಿದ್ದರು ಎಂಬ ಪ್ರಶ್ನೆ ಎರಡರಲ್ಲೂ ಇಲ್ಲ.